ಸಾಹೇಬರು ಕೂತ ಜಾಗ

ಮನೆಗೆ ಕಾಲಿಟ್ಟ ಮೊದಲ ದಿನವೇ ನಾಯಿ ಒಳಕೋಣೆಗೆ ನುಗ್ಗಿ, ರೋಗಿಯ ದಿಂಬನ್ನು ಮೂಸಿ, ಮಂಚದ ಪಕ್ಕ ಕೂತುಬಿಟ್ಟಿತು. ಬೊಗಳಲಿಲ್ಲ, ಬಾಲ ಅಲ್ಲಾಡಿಸಲಿಲ್ಲ. ನೆಟ್ಟಗೆ ಕೂತು ದಿಂಬನ್ನೇ ದಿಟ್ಟಿಸಿತು.

ಹಿಂದೆಯೇ ಬಂದ ಪೊಲೀಸ ಹೊಸ್ತಿಲಲ್ಲೇ ನಿಂತುಬಿಟ್ಟ. ಬಸ್ ನಿಲ್ದಾಣದಲ್ಲಾಗಲಿ, ಗಡಿಯ ಚೌಕಿಯಲ್ಲಾಗಲಿ, ಅದು ಹೀಗೆ ಕೂತಿತೆಂದರೆ ಅಲ್ಲಿ ಗಾಂಜಾ ಇದೆ ಎಂದೇ ಅರ್ಥ. ಕೂರುವುದನ್ನು ಕಲಿಸಿದವನು ಅವನೇ. ಕೂತಾಗಲೆಲ್ಲ ಜೇಬಿನಿಂದ ರಬ್ಬರ್ ಚೆಂಡು ತೆಗೆದು ಎಸೆಯಬೇಕು. ಅದರ ಸಂಬಳವೇ ಅದು. ಇವತ್ತು ಬೆಳಿಗ್ಗೆ ನಾಯಿಗೆ ನಿವೃತ್ತಿಯಾಗಿತ್ತು. ಅದಕ್ಕೆ ಯಾರೂ ಹೇಳಿರಲಿಲ್ಲ, ಅಷ್ಟೆ.

"ಏನ್ರೀ, ನಿಮ್ಮ ಸಾಹೇಬ್ರು ನನ್ನ ಅರೆಸ್ಟ್ ಮಾಡಕ್ಕೆ ಬಂದ್ರಾ?" ಹೆಂಡತಿ ಮಲಗಿದಲ್ಲಿಂದಲೇ ನಕ್ಕಳು. ಠಾಣೆಯವರೆಲ್ಲ ನಾಯಿಯನ್ನು ಸಾಹೇಬ್ರು ಎಂದೇ ಕರೆಯುತ್ತಿದ್ದರು.

"ವಯಸ್ಸಾಯ್ತು, ಮೂಗು ಕೆಟ್ಟಿದೆ. ಏಯ್, ಏಳು. ತಪ್ಪು!"

ನಾಯಿ ಎದ್ದು, ಒಂದು ಸುತ್ತು ಸುತ್ತಿ, ಮತ್ತೆ ಅಲ್ಲೇ ಕೂತಿತು.

"ಮೂಗು ಸರಿಯಾಗೇ ಇದೆ, ಭಾವ." ಅಕ್ಕನ ತಲೆ ಬಾಚುತ್ತಿದ್ದ ನಾದಿನಿ ಬಾಚಣಿಗೆ ಕೆಳಗಿಟ್ಟು, ದಿಂಬಿನ ಕವರಿನೊಳಗಿಂದ ಹೆಬ್ಬೆರಳಿನಷ್ಟು ಸೀಸೆ ತೆಗೆದಳು. "ಗಾಂಜಾ ಎಣ್ಣೆ. ನಾಲಿಗೆ ಕೆಳಗೆ ಎರಡು ಹನಿ ಬಿಟ್ರೆ ತಿಂದಿದ್ದು ಹೊಟ್ಟೇಲಿ ನಿಲ್ತಿತ್ತು, ಕಣ್ಣಿಗೆ ನಿದ್ದೆ ಹತ್ತುತಿತ್ತು. ನೀವು ಕ್ಯಾನ್ಸರ್ ಮಾತ್ರೆ ಕೆಲಸ ಮಾಡ್ತಿದೆ ಅಂದ್ಕೊಂಡ್ರಿ."

"ನನಗೊಂದು ಮಾತು ಹೇಳ್ಬಾರದಿತ್ತಾ?"

"ಭಾವನಿಗೆ ಹೇಳಿದ್ರೆ ಪೊಲೀಸಿಗೂ ಕೇಳಿಸ್ತಿತ್ತಲ್ಲ. ಡಾಕ್ಟರೇ ಕೈ ಚೆಲ್ಲಿದ್ರು. ಸೇತುವೆ ಆಚೆ ರಾಜ್ಯದಲ್ಲಾಗಿದ್ರೆ ಚೀಟೀಲೇ ಬರೆದುಕೊಡ್ತಿದ್ದೆ, ಇಲ್ಲಿ ಬರೆದ್ರೆ ನನ್ನ ಲೈಸೆನ್ಸ್ ಹೋಗುತ್ತೆ ಅಂದ್ರು. ಇಲ್ಲೂ ಕಾನೂನು ಬರುತ್ತಂತೆ, ಮುಂದಿನ ಅಧಿವೇಶನದಲ್ಲಿ."

"ನಿಧಾನಕ್ಕೆ ಬರ್ಲಿ ಬಿಡೇ, ನಾನೇನು ಎದ್ದು ಓಡಿ..." ಹೆಂಡತಿಯ ಮಾತು ಅಲ್ಲೇ ಮುರಿಯಿತು. ಹೊದಿಕೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಗೋಡೆಯ ಕಡೆ ಹೊರಳಿದಳು.

ಅವನು ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ತಳದಲ್ಲಿ ಏನೂ ಇರಲಿಲ್ಲ.

"ಬಿಸಿನೀರು ಹಾಕಿ ಕುಲುಕಿ ಅದನ್ನೂ ಕೊಟ್ಟಾಯ್ತು," ಎಂದಳು ನಾದಿನಿ. "ಕಸದ ಡಬ್ಬೀಲಿ ಯಾರಾದ್ರೂ ನೋಡಿದ್ರೆ ನಿಮ್ಮ ಕೆಲಸಕ್ಕೆ ಕುತ್ತು ಅಂತ ಅಕ್ಕ ದಿಂಬಲ್ಲೇ ಇಟ್ಕೊಂಡಿದ್ದಾಳೆ."

ಅವನು ಬಾಗಿಲು ಮುಂದೆ ಮಾಡಿದ. ದನಿ ತೀರಾ ತಗ್ಗಿಸಿದ. "ಇನ್ನೊಂದು ತರ್ಸು. ನಾನು ನೋಡಿಲ್ಲ ಅಂದ್ಕೊ."

"ಯಾರು ತರ್ತಾರೆ ಭಾವ? ಆಚೆಯಿಂದ ಒಬ್ರು ತಾತ ಕಾಲುಚೀಲದಲ್ಲಿಟ್ಟು ತರ್ತಿದ್ರು. ಅವರ ಹೆಂಡ್ತಿ ಹೋಗಿದ್ದೂ ಇದೇ ಕಾಯಿಲೇಲಂತೆ. ಹೋದ ತಿಂಗಳು ಬಸ್ ನಿಲ್ದಾಣದಲ್ಲಿ..." ಅವಳು ಮಾತು ನಿಲ್ಲಿಸಿ ನಾಯಿಯನ್ನು ನೋಡಿದಳು.

ಕಾಲುಚೀಲದ ಮುದುಕ! ಅವತ್ತು ಊಟಕ್ಕೆ ಕೂತಾಗ ಆ ಕಥೆಯನ್ನು ಅವನೇ ಹೇಳಿದ್ದ. ಮುದುಕ ಒಂಟಿಕಾಲಲ್ಲಿ ನಿಂತು ಕಾಲುಚೀಲ ಕಳಚಿದ್ದನ್ನು ಎದ್ದು ನಿಂತು ನಟಿಸಿ ತೋರಿಸಿದ್ದ. ಆಗಿನ್ನೂ ಗೋಡೆಗೊರಗಿ ಕೂರುತ್ತಿದ್ದ ಹೆಂಡತಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟು, "ಎಲ್ಲಾ ಸೀಸೇನೂ ತಗೊಂಡ್ರಾ?" ಎಂದು ಕೇಳಿದ್ದಳು. ಎಷ್ಟೋ ದಿನದ ಮೇಲೆ ತನ್ನ ಕೆಲಸದ ಬಗ್ಗೆ ಕೇಳಿದಳಲ್ಲ ಎಂದು ಅವನು ಹಿಗ್ಗಿದ್ದ. "ಒಂದನ್ನೂ ಬಿಡಲಿಲ್ಲ," ಎಂದಿದ್ದ.

ನಾಯಿ ಈಗ ದಿಂಬನ್ನು ಬಿಟ್ಟು ಅವನ ಜೇಬನ್ನೇ ನೋಡುತ್ತಿತ್ತು. ಜೇಬಿನೊಳಗೆ ಹೋಗಿದ್ದ ಅವನ ಕೈ ಹೊರಗೆ ಬರಲಿಲ್ಲ.

ಹೆಂಡತಿ ಹಲ್ಲಿನಿಂದ ಹೊದಿಕೆ ಬಿಡಿಸಿಕೊಂಡು ಮೆಲ್ಲಗೆ ಈಚೆ ತಿರುಗಿದಳು.

"ಚೆಂಡು ಕೊಡ್ರೀ," ಎಂದಳು. "ಪಾಪ, ಅದು ಅದರ ಕೆಲಸ ಮಾಡಿದೆ, ಅಷ್ಟೇ."