ನೆತ್ತಿಯ ವಾಸನೆ

ವರ್ಷಕ್ಕೊಂದು ವಾಸನೆಯನ್ನು ಸರ್ಕಾರಕ್ಕೆ ತೆರಿಗೆಯಾಗಿ ಕಟ್ಟಲೇಬೇಕಿತ್ತು. ಕಟ್ಟಿದ ಮೇಲೆ ಅದು ಆ ಮೂಗಿಗೆ ಮತ್ತೆಂದೂ ಸಿಗುತ್ತಿರಲಿಲ್ಲ. ಕಂದಾಯ ಕಚೇರಿಯ ಕಿಟಕಿಯಲ್ಲಿ ಕೂತಿದ್ದ ಫಕೀರವ್ವ, ಮೊಮ್ಮಗಳನ್ನು ಎತ್ತಿಕೊಂಡು ಬಂದ ಬಸಲಿಂಗಪ್ಪನನ್ನು ಕಂಡಕೂಡಲೇ ಗುರುತಿಸಿದಳು. ಹಿಂದೆ ಇದೇ ಕುರ್ಚಿಯಲ್ಲಿ ಕೂತು, ಅವಳ ಸತ್ತ ಮಗನ ಅಂಗಿಯ ವಾಸನೆಯನ್ನು ಬಾಕಿಗೆಂದು ಜಪ್ತಿ ಮಾಡಿದ್ದವನು ಅವನೇ. ಅವಳು ಕಾಲು ಹಿಡಿದು ಅತ್ತಾಗ, “ಅಂಗಿ ನಿನ್ನ ಹತ್ರಾನ ಇರತೈತಲ್ಲಬೇ” ಎಂದು ನಕ್ಕಿದ್ದ.

ಅವನಿಗೆ ಅವಳ ಗುರುತು ಹತ್ತಲಿಲ್ಲ. “ಈ ಸಲ ಚಹಾದ ವಾಸನೆ ತಗೋರಿ, ಅಕ್ಕಾರ,” ಎಂದವನೇ, ರೂಢಿಯಂತೆ ಕೂಸಿನ ನೆತ್ತಿಗೆ ಮೂಗು ಹಚ್ಚಿ ಹಾಯಾಗಿ ಕಣ್ಣು ಮುಚ್ಚಿದ.

ಫಕೀರವ್ವ ಅದನ್ನೇ ನೋಡಿದಳು.

“ನಿಮ್ಮದು ಹ್ವಾದ ವರ್ಷದ್ದ ಬಾಕಿ ಐತ್ರಿ. ಬಾಕಿದಾರರು ಜೀವಕ್ಕಿಂತ ಹೆಚ್ಚಿನ ವಾಸನೆ ಕೊಡಬೇಕು. ಕಾನೂನು ನಿಮಗ ಗೊತ್ತೈತಲ್ಲ?”

ಬಸಲಿಂಗಪ್ಪ ಕೂಸನ್ನು ಎದೆಗೆ ಅವಚಿಕೊಂಡ. “ಬ್ಯಾಡವ್ವಾ, ನಿನ್ನ ಕಾಲಿಗೆ ಬೀಳ್ತೀನಿ, ಇದೊಂದ ಬಿಡು!”

ಅವಳು ವಾಸನೆ ಎಳೆಯುವ ಹೀರುಕೊಳವೆಯನ್ನು ಅವನ ಮೂಗಿಗೆ ಒತ್ತಿದಳು. ಬಳಿಕ ಅವನು ಮತ್ತೆ ಮತ್ತೆ ಕೂಸಿನ ನೆತ್ತಿ ಮೂಸುತ್ತ ಬಿಕ್ಕತೊಡಗಿದಾಗ, ರಶೀದಿ ಹರಿದು ಮುಂದಿಟ್ಟಳು.

“ಯಾಕ ಅಳ್ತೀರಿ ಸಾಹೇಬ್ರ? ಕೂಸು ನಿಮ್ಮ ಹತ್ರಾನ ಇರತೈತಲ್ರಿ.”