ಉಪ್ಪು ನೋಡುವ ಕೆಲಸ

ಈಗಲೂ ಹೊಸ ಪೇಂಟಿನ ವಾಸನೆ ಬಂದರೆ ನನ್ನ ನಾಲಿಗೆ ಉಪ್ಪಾಗುತ್ತದೆ.

ಭಾವುಚಾ ಧಕ್ಕೆಯ ಬಂದರಿನಲ್ಲಿ ಅಪ್ಪ ಓಡಿಸುತ್ತಿದ್ದ ಲಾಂಚ್ ದೋಣಿಯ ಕಿಟಕಿಗಳ ಅಲ್ಯೂಮಿನಿಯಂ ಚೌಕಟ್ಟು ಬಿಳಿ ಪುಡಿಯಾಗಿ ಉದುರುತ್ತಿತ್ತು. ಒಂದು ಮಧ್ಯಾಹ್ನ ಅಪ್ಪ ಪ್ರತಿಯೊಂದನ್ನೂ ಪಾಲಿಶ್ ಪೇಪರಿನಿಂದ ಉಜ್ಜಿ, ಸಿಹಿನೀರಿನಲ್ಲಿ ತೊಳೆದು, ಬೆರಳಿನಿಂದ ಸವರಿ ನೆಕ್ಕಿ ನೋಡುತ್ತಿದ್ದರು. ಉಪ್ಪು ಉಳಿದರೆ ಬಣ್ಣ ನಿಲ್ಲುವುದಿಲ್ಲವಂತೆ.

ಕೊನೆಯ ಕಿಟಕಿ ನನ್ನ ಪಾಲಿಗೆ ಬಂತು.

"ಉಪ್ಪು ಹೋಯ್ತಾ ಮಗಾ?"

ಬ್ರಶ್ ಹಿಡಿಯುವ ಆತುರದಲ್ಲಿ ನೆಕ್ಕದೆಯೇ "ಹೋಯ್ತಪ್ಪ" ಅಂದೆ. ಹಸಿರು ಬಳಿದೆ. ಅಕ್ಕ ಅದು ನೀಲಿ ಅನ್ನುತ್ತಾಳೆ, ಇದ್ದರೂ ಇರಬಹುದು.

ತಿಂಗಳೊಳಗೆ ನನ್ನ ಕಿಟಕಿಯ ಬಣ್ಣ ಮಾತ್ರ ಸಿಪ್ಪೆಯೆದ್ದಿತು. ಅಪ್ಪ ನಕ್ಕರು. "ನಮ್ಮನೆ ಸಾರಿಗೆ ಮಾತ್ರ ನೀನು ಉಪ್ಪು ನೋಡ್ಬೇಡ ಮಾರಾಯ್ತಿ!"

ಮತ್ತೆ ಉಜ್ಜಿದೆ, ತೊಳೆದೆ, ಈ ಸಲ ಚೌಕಟ್ಟಿಗೇ ನಾಲಿಗೆ ಹಚ್ಚಿ "ಹೋಯ್ತು" ಅಂದೆ. ಅಪ್ಪ ತಾವು ನೆಕ್ಕಿ ನೋಡಲಿಲ್ಲ, ಡಬ್ಬದ ಮುಚ್ಚಳ ತೆಗೆದರು.