ನಗು ಬಂದ ಪುಟ

ಮಂಚದ ಮೇಲೆ ಕಾದಂಬರಿ ಹಿಡಿದು ಕೂತಿದ್ದ ಗಂಡ ಕಿಸಕ್ಕನೆ ನಕ್ಕಾಗ, ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಹೆಂಡತಿಯ ಕೈ ನಿಂತಿತು. ಆ ಪುಸ್ತಕವನ್ನು ಅವಳೂ ಓದಿದ್ದಳು. ನಗುವಂಥ ಒಂದು ಸಾಲೂ ಅದರಲ್ಲಿರಲಿಲ್ಲ. ಅವಳು ಟೀವಿ ಹಾಕಿದರೆ ಸಾಕು, “ಧಾರಾವಾಹಿ ನೋಡೋರ ತಲೇಲಿ ಬರೀ ಮಣ್ಣು” ಎಂದು ಗೊಣಗುತ್ತ ಎದ್ದುಹೋಗುವ ಮನುಷ್ಯ ಇವನು.

“ಏನ್ರೀ ಅಷ್ಟು ನಗು?”

“ಕಥೇಲಿ ಏನೋ ಬಂತು ಕಣೇ.”

“ಮಗು ಸಾಯೋ ಕಥೇಲಾ?”

ಅವನು ಪುಸ್ತಕವನ್ನು ಎದೆಗವುಚಿಕೊಂಡ. ಮರೆಯಲ್ಲಿ ಯಾವಳದೋ ಮೆಸೇಜೇ ನೋಡುತ್ತಿರಬೇಕೆಂದು ಅವಳು ಪುಸ್ತಕ ಕಸಿದಳು. ಒಳಗಿಂದ ಮೊಬೈಲ್ ಜಾರಿ ಬಿತ್ತು. ಅದರಲ್ಲಿ ಅವಳು ನೋಡುವ ಧಾರಾವಾಹಿಯೇ, ನಾಳೆ ಟೀವಿಯಲ್ಲಿ ಬರಬೇಕಾದ ಕಂತು, ಆ್ಯಪ್‌ನಲ್ಲಿ ಇವತ್ತೇ ಸದ್ದಿಲ್ಲದೆ ಓಡುತ್ತಿತ್ತು.

ಅವಳು ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಮಂಚ ಹತ್ತಿ ಕೂತು, “ಸ್ವಲ್ಪ ಜರುಗ್ರೀ, ಸೌಂಡ್ ಕೊಡಿ” ಎಂದಳು.